ಕಟ್ ಮಾಡ್ಲಾ?

“ಇದರ ಭುಜ ಎಲ್ಲಿ?”

ಪೆಟ್ಟಿಗೆಯ ಮುಚ್ಚಳ ಎತ್ತಿದವನ ಬಾಯಿಂದ ಬಂದ ಮೊದಲ ಮಾತು ಅದು. ಒಂದು ನಮಸ್ಕಾರ ಇಲ್ಲ, ‘ಚೆನ್ನಾಗಿದೆ’ ಇಲ್ಲ, ಸುಳ್ಳಿಗಾದರೂ ಒಂದು ನಗು ಇಲ್ಲ.

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಮೇಜಿನ ಮೇಲಿಟ್ಟಳು. ಮೂರು ತಿಂಗಳು ಬೆನ್ನು ಬಗ್ಗಿಸಿ ಕಟ್ಟಿದ ಗಿಟಾರ್ ಅದು. ಬೆನ್ನಿಗೂ ಪಕ್ಕಕ್ಕೂ ಬೀಟೆಮರ, ಎದೆಗೆ ತಿಳಿಬಣ್ಣದ ಸ್ಪ್ರೂಸ್ ಮರ. ಕತ್ತಿನ ಒಂದು ಪಕ್ಕದಲ್ಲಿ ಭುಜವನ್ನು ಒಳಕ್ಕೆ ಕೊರೆದು, ನುಡಿಸುವವರ ಕೈ ತಂತಿಗಳ ಕೆಳಗಿನ ಫ್ರೆಟ್‌ಗಳಲ್ಲಿ, ಆ ಲೋಹದ ಮೆಟ್ಟಿಲುಗಳಲ್ಲಿ, ಮೇಲಿನವಕ್ಕೂ ಸಲೀಸಾಗಿ ಹೋಗಲಿ ಅಂತ ಒಂದು ತಿರುವು ಮಾಡಿದ್ದಳು. ಆ ತಿರುವಿಗಾಗಿ ಮರವನ್ನು ನೆನೆಸಿ, ಬಿಸಿ ಕೊಳವೆಗೆ ಒತ್ತಿ ಬಗ್ಗಿಸುವಾಗ ಎರಡು ಹಲಗೆ ಪಟ್ಟೆಂದು ಒಡೆದಿದ್ದವು. ಮೂರನೆಯದು ಹೇಳಿದ ಮಾತು ಕೇಳಿತ್ತು. ತಾನು ಇಲ್ಲಿಯವರೆಗೆ ಬಗ್ಗಿಸಿದ ತಿರುವುಗಳಲ್ಲೆಲ್ಲ ಇದೇ ಚೆಂದ ಎಂದು ನಿನ್ನೆ ತಾನೇ ಅಂದುಕೊಂಡಿದ್ದಳು. ಈ ಮನುಷ್ಯ ಅದನ್ನು ಹೊಸ ಅಂಗಿಯ ಹರಕು ನೋಡಿದ ಹಾಗೆ ನೋಡುತ್ತಿದ್ದ.

“ಭುಜ ಕಟ್ ಮಾಡಿದ್ದೀನಿ,” ಎಂದಳು. “ಕಟ್‌ಅವೇ. ನೀವು ಹೇಳಿದ ಹಾಗೇನೇ.”

“ನಾನಾ? ನನಗೆ ಬೇಕಾಗಿದ್ದು ಫುಲ್ ಬಾಡಿ. ಎರಡೂ ಕಡೆ ತುಂಬಿದ ಭುಜ.”

“ಫೋನಲ್ಲಿ ನಾನು ಕೇಳ್ದೆ. ನೀವು ಹೂಂ ಅಂದ್ರಿ.”

“ಅಂದಿಲ್ಲ.”

“ಒಂದ್ಸಲ ಅಲ್ಲ, ಎರಡು ಸಲ ಹೂಂ ಅಂದ್ರಿ.”

ಅವನು ಒಂದು ಶಾಲೆಯಲ್ಲಿ ಸಂಗೀತದ ಮೇಷ್ಟ್ರು. ಆರ್ಡರ್ ಕೊಟ್ಟಿದ್ದು ಫೋನಲ್ಲಿ, ಮುಖ ತೋರಿಸಿದ್ದು ಇವತ್ತೇ. ಫೋನಿನಲ್ಲಿ ದನಿ ಬಹಳ ಮೃದುವಾಗಿತ್ತು ಎಂದು ಅವಳಿಗೆ ನೆನಪು. ಫೋನನ್ನು ನಂಬಿ ಕೆಟ್ಟೆ ಎಂದುಕೊಂಡಳು.

ಮೂಲೆಯಲ್ಲಿ ಹಳೆಯ ಗಿಟಾರಿನ ತಂತಿ ಬಿಚ್ಚುತ್ತಿದ್ದ ಅಪ್ಪ ತಲೆ ಎತ್ತಿದ. ವರ್ಕ್‌ಶಾಪ್ ಅಪ್ಪನದೇ. ನಾಲ್ಕು ವರ್ಷದ ಹಿಂದೆ ಕೈ ನಡುಗಲು ಶುರುವಾದ ಮೇಲೆ ಉಳಿ, ಗರಗಸಗಳನ್ನು ಮಗಳಿಗೆ ಕೊಟ್ಟು, ತಾನು ತಂತಿ, ಪಾಲಿಶ್ ಮತ್ತು ಪುಕ್ಕಟೆ ಸಲಹೆಗಳನ್ನು ಇಟ್ಟುಕೊಂಡಿದ್ದ. ಆ ನಾಲ್ಕು ವರ್ಷದಲ್ಲಿ ಅವಳು ಕಟ್ಟಿದ ಒಂದೇ ಒಂದು ಗಿಟಾರೂ ವಾಪಸ್ ಬಂದಿರಲಿಲ್ಲ.

“ಏನೇನು ಮಾತಾಡಿದ್ರಿ, ಒಂದೊಂದಾಗಿ ಹೇಳಿ,” ಎಂದ ಅಪ್ಪ, ಪಂಚಾಯಿತಿಗೆ ಕೂತವನ ಗತ್ತಿನಲ್ಲಿ.

“ದೊಡ್ಡ ಬಾಡಿ ಬೇಕು, ಮೈಕ್ ಇಲ್ಲದೆ ಹಾಲ್ ತುಂಬೋ ಅಂಥ ದನಿ ಬೇಕು ಅಂದೆ,” ಎಂದ ಅವನು.

“ಅಂದ್ರು. ಬರ್ಕೊಂಡೆ,” ಎಂದಳು.

“ಮರ ಯಾವುದು ಅಂತ ಇವ್ರು ಕೇಳಿದ್ರು. ಹೇಳ್ದೆ. ಅಷ್ಟರಲ್ಲಿ ಸ್ಕೂಲ್ ಬೆಲ್ ಹೊಡೀತು.”

“ಬೆಲ್ ನನಗೂ ಕೇಳಿಸ್ತು. ಅದಕ್ಕೇ ಅವಸರದಲ್ಲಿ ‘ಹಾಗಾದ್ರೆ ಕಟ್ ಮಾಡ್ಲಾ?’ ಅಂತ ಕೇಳ್ದೆ.”

“ನಾನು ಹೂಂ, ಹೂಂ, ಕಟ್ ಮಾಡಿ ಅಂ...”

ಅವನ ಮಾತು ಅಲ್ಲಿಗೆ ನಿಂತಿತು. ಬಾಯಿ ಮಾತ್ರ ತೆರೆದೇ ಇತ್ತು.

“ನಾನು ಹೇಳಿದ್ದು ಫೋನು!” ಎಂದ. “ಫೋನ್ ಕಟ್ ಮಾಡಿ ಅಂತ!”

“ನಾನು ಕೇಳಿದ್ದು ಭುಜ!”

ಅಪ್ಪ ನಗಲು ಶುರು ಮಾಡಿದ. ಮೊದಲು ಗಂಟಲಲ್ಲಿ, ಆಮೇಲೆ ಹೊಟ್ಟೆಯಲ್ಲಿ, ಕೊನೆಗೆ ಕೈಯಲ್ಲಿದ್ದ ಗಿಟಾರನ್ನು ಕೆಳಗಿಟ್ಟು ಗೋಡೆಗೆ ಒರಗಿಕೊಳ್ಳಬೇಕಾಯಿತು. ಉಳಿದಿಬ್ಬರೂ ತುಟಿ ಅಲುಗಿಸಲಿಲ್ಲ. ಒಬ್ಬರನ್ನೊಬ್ಬರು ಸುಟ್ಟುಬಿಡುವ ಹಾಗೆ ನೋಡುತ್ತಾ ನಿಂತಿದ್ದರು.

“ಗಿಟಾರ್ ಕಟ್ಟೋರ ಹತ್ರ ಮಾತಾಡೋವಾಗ ಕಟ್ ಅಂದ್ರೆ ಯಾವ ಕಟ್ ಅಂತ ಒಂದು ನಿಮಿಷ ಯೋಚನೆ ಮಾಡ್ಬೇಕಿತ್ತು,” ಎಂದಳು.

“ಫೋನಲ್ಲಿ ಕಟ್ ಅಂದ್ರೆ ಲೋಕಕ್ಕೆಲ್ಲ ಒಂದೇ ಅರ್ಥ. ನಿಮಗೆ ಮಾತ್ರ ಬೇರೆ.”

“ತಪ್ಪು ನಿಮ್ಮದು.”

“ನಿಮ್ಮದು. ಇದು ನನಗೆ ಬೇಡ.”

ಬೇಡ ಎಂಬ ಮಾತು ಅವಳಿಗೆ ಕೆನ್ನೆಗೆ ಬಿದ್ದಂತಾಯಿತು. ಒಂದು ಸಲವೂ ಕೇಳದೆ, ತಂತಿಗೆ ಬೆರಳು ತಾಗಿಸದೆ ಬೇಡವಂತೆ. ಅವಳು ಸ್ಟೂಲನ್ನು ಕಾಲಿನಿಂದಲೇ ತಳ್ಳಿ ಗೋಡೆಯ ಹತ್ತಿರ ನಿಲ್ಲಿಸಿದಳು.

“ಗೋಡೆ ಕಡೆ ಮುಖ ಮಾಡಿ ಕೂತ್ಕೊಳ್ಳಿ.”

“ಯಾಕೆ?”

“ದನಿ ಬೇಕು ಅಂದ್ರಲ್ಲ. ಇಲ್ಲಿ ರಿಪೇರಿಗೆ ಬಂದಿರೋ ಫುಲ್ ಬಾಡಿ ಒಂದಿದೆ. ಅದೇ ಅಳತೆ, ಅದೇ ಮರ. ಎರಡೂ ನುಡಿಸ್ತೀನಿ. ಭುಜ ಇರೋದು ಯಾವುದು, ಇಲ್ಲದ್ದು ಯಾವುದು, ಹೇಳಿ ನೋಡೋಣ.”

ಶಾಲೆಯಲ್ಲಿ ಎಷ್ಟು ಮಕ್ಕಳನ್ನು ಹಾಗೆ ಕೂರಿಸಿದ್ದನೋ ಏನೋ, ಈಗ ತಾನೇ ಗೋಡೆ ನೋಡುತ್ತಾ ಕೂತ. ಅವನ ನೆತ್ತಿಯ ಮೇಲೆ ಕೂದಲು ಒಂದೆಡೆ ಸುಳಿ ತಿರುಗಿ ನಿಂತಿತ್ತು. ಅವಳ ಕಣ್ಣು ಅಲ್ಲಿಗೆ ಹೋಯಿತು. ಸಿಟ್ಟು ಬಂದು ಕಣ್ಣು ತೆಗೆದಳು.

ಅವಳು ಗಿಟಾರ್ ನುಡಿಸುವುದು ಪರೀಕ್ಷೆ ಮಾಡಲಿಕ್ಕೆ ಮಾತ್ರ. ನಾಲ್ಕು ಸ್ವರ, ಒಂದು ಮೀಟು, ಮತ್ತೆ ಅದೇ ನಾಲ್ಕು ಸ್ವರ. ಮೊದಲು ಒಂದರಲ್ಲಿ ನುಡಿಸಿದಳು, ಆಮೇಲೆ ಇನ್ನೊಂದರಲ್ಲಿ.

“ಎರಡನೇದು,” ಎಂದ ಅವನು, ಗೋಡೆಗೆ. ದನಿಯಲ್ಲಿ ಮೃದುತ್ವ ಮರಳಿ ಬಂದಿತ್ತು. “ಎರಡನೇದೇ ಫುಲ್ ಬಾಡಿ. ಎದೆ ತುಂಬಿ ಬರ್ತಿದೆ. ಮೊದಲನೇದು ಡಬ್ಬಿ.”

“ತಿರುಗಿ ನೋಡಿ.”

ಅವಳ ತೊಡೆಯ ಮೇಲಿದ್ದದ್ದು ಭುಜ ಇಲ್ಲದ ಗಿಟಾರ್.

ಅವನ ಕಿವಿಯ ತುದಿಯವರೆಗೆ ಕೆಂಪೇರಿತು. ಅವಳಿಗೆ ಹಿತವಾಯಿತು, ಹಿತವಾಗಿದ್ದನ್ನು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ. ಅವನು ಎದ್ದು ಬಂದು ಅಂಗಿಯ ಎಡತೋಳನ್ನು ಮೊಣಕೈವರೆಗೆ ಸರಿಸಿ, ಕೈಯನ್ನು ಮೇಜಿನ ಮೇಲೆ, ಮರದ ಹೊಟ್ಟಿನ ನಡುವೆ ಇಟ್ಟ.

“ಗೆದ್ರಿ. ಈಗ ಇದನ್ನೂ ನೋಡಿ.”

ಮಣಿಕಟ್ಟಿನ ಮೇಲೆ ಉದ್ದಕ್ಕೆ ಗಾಯದ ಗೆರೆ. ಕೈಯನ್ನು ತಿರುಗಿಸಿ ತೋರಿಸಿದ. ಅದು ಅರ್ಧಕ್ಕೆ ತಿರುಗಿ ನಿಂತುಬಿಟ್ಟಿತು.

“ಮೂರು ವರ್ಷದ ಹಿಂದೆ ಒಂದು ಆಂಪ್ಲಿಫೈಯರ್ ಹೊತ್ಕೊಂಡು ಮಹಡಿ ಮೆಟ್ಟಿಲಿಂದ ಉರುಳಿದೆ. ಅದಕ್ಕೆ ಮುಂಚೆ ಸ್ಟೇಜಲ್ಲಿ ನುಡಿಸ್ತಿದ್ದೆ. ಎಲ್ಲ ಗಿಟಾರಿನ ಮೇಲಿನ ಮೆಟ್ಟಿಲುಗಳಲ್ಲೇ. ಜನ ಶಿಳ್ಳೆ ಹೊಡೀತಿದ್ದಿದ್ದೂ ಅದಕ್ಕೇ. ಈಗ ಕೈ ಅಲ್ಲಿಗೆ ಹೋಗಲ್ಲ. ಕೆಳಗಿನ ಏಳು ಮೆಟ್ಟಿಲೇ ನನ್ನ ಪ್ರಪಂಚ. ದನಿ ನಿಮ್ಮದೇ ಚೆನ್ನಾಗಿದೆ, ಒಪ್ಕೊಂಡೆ. ಆದ್ರೆ ಆ ಖಾಲಿ ಜಾಗ ಕಂಡಾಗಲೆಲ್ಲ ಕೈ ಅಲ್ಲಿಗೆ ಹೋಗೋಕೆ ನೋಡುತ್ತೆ. ನನಗೆ ಅಲ್ಲಿ ಮರ ಬೇಕು. ದಾರಿ ಮುಚ್ಚಿರ್ಬೇಕು. ಅರ್ಥ ಆಯ್ತಾ?”

ಅರ್ಥವಾಯಿತು. ಅರ್ಥವಾಗಿದ್ದಕ್ಕೆ ‘ಅಯ್ಯೋ’ ಅನ್ನುವ ಜಾತಿಯವಳಲ್ಲ ಅವಳು. ಆ ಕೈಯನ್ನೇ ನೋಡುತ್ತಾ ಕೇಳಿದಳು.

“ಯಾವಾಗ ಬೇಕು?”

“ಒಂಬತ್ತೂವರೆ ವಾರಕ್ಕೆ ಗ್ರಂಥಾಲಯದಲ್ಲಿ ನುಡಿಸ್ತೀನಿ ಅಂತ ಒಪ್ಕೊಂಡಿದ್ದೀನಿ. ಬಿದ್ದ ಮೇಲೆ ಜನರ ಮುಂದೆ ಇದೇ ಮೊದಲು.”

“ಏಳು ವಾರದಲ್ಲಿ ಕೊಡ್ತೀನಿ. ಉಳಿದ ಎರಡೂವರೆ ವಾರ ಕೈಗೆ ಕೂರಿಸ್ಕೊಳ್ಳಿ.”

“ಈ ಸಲ ಫೋನಲ್ಲಿ ಮಾತಿಲ್ಲ. ದಿನಾ ಬಂದು ಕಣ್ಣಾರೆ ನೋಡ್ತೀನಿ.”

“ಬನ್ನಿ. ಸ್ಟೂಲ್ ಇದೆ. ಬಾಯಿ ಮಾತ್ರ ಹೊರಗೆ ಬಿಟ್ಟು ಬನ್ನಿ.”

ಅವನು ಹೋದ ಮೇಲೆ ಅಪ್ಪ ಅವನಿಗೆ ‘ಸಿಡುಕ’ ಎಂದು ಹೆಸರಿಟ್ಟ. ನಾಲ್ಕನೆಯ ದಿನ ಗೊತ್ತಾಯಿತು, ಸಿಡುಕನೂ ಅವಳಿಗೆ ಒಂದು ಹೆಸರಿಟ್ಟಿದ್ದಾನೆ ಅಂತ. ‘ಗರಗಸ.’ ಅಪ್ಪನೇ ಅದನ್ನು ಬಹಳ ಸಂಭ್ರಮದಿಂದ ಅವಳಿಗೆ ಮುಟ್ಟಿಸಿದ.

ಸಿಡುಕ ಹೇಳಿದ ಹಾಗೆಯೇ ಬಂದ. ಸಂಜೆ ಐದಕ್ಕೆ ಶಾಲೆ ಮುಗಿಸಿ, ತೋಳಿನ ಮೇಲೆ ಸೀಮೆಸುಣ್ಣದ ಪುಡಿ ಹೊತ್ತು ಬರುತ್ತಿದ್ದ. ಸ್ಟೂಲಿನ ಮೇಲೆ ಕೂತು ತಪ್ಪು ಹುಡುಕುತ್ತಿದ್ದ. ಈ ಗೆರೆ ಸೊಟ್ಟ ಅಲ್ವಾ? ಅಂಟು ಜಾಸ್ತಿ ಆಗ್ಲಿಲ್ವಾ? ಒಳಗಿನ ಪಟ್ಟಿ ಇಷ್ಟು ತೆಳ್ಳಗಿದ್ರೆ ಮುರಿಯಲ್ವಾ? ಒಂದೊಂದು ಪ್ರಶ್ನೆಗೂ ಅವಳು ಎರಡೆರಡು ಏಟು ಕೊಡುತ್ತಿದ್ದಳು.

“ನೀವು ಮಕ್ಕಳಿಗೆ ಪಾಠ ಮಾಡೋವಾಗ ನಾನು ಬಂದು ಶ್ರುತಿ ಸರಿ ಇಲ್ಲ ಅಂತೀನಾ?”

“ಬನ್ನಿ, ಅನ್ನಿ. ಸರಿ ಇರಲ್ಲ. ನಲವತ್ತು ಮಕ್ಕಳು, ನಲವತ್ತು ಶ್ರುತಿ.”

ಅವಳಿಗೆ ನಗು ಬಂತು. ಬಗ್ಗಿ, ಬೀಳದಿದ್ದ ಒಂದು ಮೊಳೆಯನ್ನು ನೆಲದಲ್ಲಿ ಹುಡುಕಿದಳು.

ಮೂರನೆಯ ವಾರ ಒಂದು ಬ್ಯಾಂಡಿನ ಹುಡುಗಿ ತಂತಿ ಕೊಳ್ಳಲು ಬಂದವಳು, ಗೋಡೆಯಲ್ಲಿ ತೂಗುತ್ತಿದ್ದ ಕಟ್‌ಅವೇಯನ್ನು ಕಂಡು ಇಳಿಸಿಕೊಂಡಳು. ಇಪ್ಪತ್ತನೆಯ ಮೆಟ್ಟಿಲಿನವರೆಗೆ ಬೆರಳು ಓಡಿಸಿ, ಕಣ್ಣರಳಿಸಿ, ಅದನ್ನು ಆಗಲೇ ಕೊಂಡುಕೊಂಡು ಹೋದಳು. ಐದಕ್ಕೆ ಬಂದ ಸಿಡುಕನ ಕಣ್ಣು ನೇರವಾಗಿ ಖಾಲಿ ಗೋಡೆಗೆ ಹೋಯಿತು.

“ಎಲ್ಲಿ ಅದು?”

“ಕೊಟ್ಟೆ.”

“ಯಾರಿಗೆ?”

“ಕೈ ನೆಟ್ಟಗಿರೋರಿಗೆ.”

ಅಂದ ಮರುಕ್ಷಣ ಅವಳಿಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಅವನು ಮುಖ ಗಂಟು ಹಾಕಿದ. ಆದರೆ ಎದ್ದು ಹೋಗಲಿಲ್ಲ.

“ನನಗೆ ಬೇಡವಾಗಿತ್ತು, ನಿಜ,” ಎಂದ, ಖಾಲಿ ಗೋಡೆಯನ್ನು ನೋಡುತ್ತಾ. “ಆದ್ರೂ ಒಂದು ಮಾತು ಕೇಳ್ಬಹುದಿತ್ತು.”

“ಬೇಡ ಅಂದೋರನ್ನ ಏನಂತ ಕೇಳ್ಲಿ?”

“ಬೇಡ ಅಂದೋರಿಗೂ ಬೇಜಾರಾಗುತ್ತೆ. ಅದು ನಿಮ್ಮ ಅಳತೆಪಟ್ಟಿಗೆ ಗೊತ್ತಾಗಲ್ಲ ಬಿಡಿ.”

ಅಪ್ಪ ಚಹಾ ತಂದು ಇಬ್ಬರ ನಡುವೆ ಇಟ್ಟ. ಯಾರು ಮೊದಲು ಕೈ ಚಾಚುವುದು ಎಂಬ ಹಟದಲ್ಲಿ ಎರಡು ಲೋಟವೂ ತಣ್ಣಗಾದವು. ಕೊನೆಗೆ ಎರಡನ್ನೂ ಅಪ್ಪನೇ ಕುಡಿದ.

ಐದನೆಯ ವಾರ ಕತ್ತು ಕೆತ್ತುವ ಕೆಲಸ ಬಂತು. ಕತ್ತಿನ ಬೆನ್ನು ಹಿಡಿಯುವವರ ಅಂಗೈಗೆ ಒಪ್ಪಬೇಕು. ಮಾಮೂಲಿ ಕೈಯಾದರೆ ಮಾಮೂಲಿ ಅಚ್ಚು ಸಾಕು. ಇವನ ಮಣಿಕಟ್ಟು ತಿರುಗುವುದು ಅರ್ಧಕ್ಕೆ, ಹಾಗಾಗಿ ಹೆಬ್ಬೆರಳು ಎಲ್ಲರಿಗಿಂತ ಒಂದು ಬೆರಳಷ್ಟು ಓರೆಯಾಗಿ ಕೂರುತ್ತಿತ್ತು. ಅಚ್ಚು ಪಕ್ಕಕ್ಕಿಟ್ಟು ಅವಳು ಅವನನ್ನೇ ಎದುರಿಗೆ ಕೂರಿಸಿಕೊಂಡಳು.

“ಹಿಡೀರಿ.”

ಹಿಡಿದ. ಹೆಬ್ಬೆರಳು ಒತ್ತುವ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿದಳು.

“ಬಿಡಿ.”

ಬಿಟ್ಟ. ಗುರುತಿದ್ದಲ್ಲಿ ಕಾಗದದಷ್ಟು ತೆಳ್ಳಗೆ ಹೆರೆದಳು.

“ಹಿಡೀರಿ.”

“ಇದು ಎಷ್ಟು ಸಲ?”

“ನೋವು ನಿಲ್ಲೋವರೆಗೆ.”

ಅವನು ತಲೆ ಎತ್ತಿದ. “ನೋವಾಗುತ್ತೆ ಅಂತ ನಾನು ಹೇಳಿಲ್ವಲ್ಲ?”

“ಪ್ರತಿ ಸಲ ಹಿಡಿದಾಗ್ಲೂ ಎಡಹುಬ್ಬು ಮೇಲೆ ಹೋಗ್ತಿದೆ. ನನಗೆ ಕಣ್ಣಿದೆ.”

ಮೂವತ್ತು ಸಲವಾದರೂ ಹಿಡಿದು ಬಿಟ್ಟಿರಬೇಕು. ಮೂವತ್ತೊಂದನೆಯದಕ್ಕೆ ಅವಳೇ ಅವನ ಹೆಬ್ಬೆರಳನ್ನು ಹಿಡಿದು ಕೂದಲೆಳೆಯಷ್ಟು ಕೆಳಕ್ಕೆ ಸರಿಸಿದಳು. ಉಳಿ ಹಿಡಿದು ಗಟ್ಟಿಯಾದ ಅವಳ ಬೆರಳು, ತಂತಿ ಒತ್ತಿ ಗಟ್ಟಿಯಾದ ಅವನ ಬೆರಳು. ಹುಬ್ಬು ಮೇಲೆ ಹೋಗಲಿಲ್ಲ. ಅವಳು ಕೈ ತೆಗೆಯಲು ಮರೆತಳು. ಅವನೂ ನೆನಪಿಸಲಿಲ್ಲ. ಅವನ ಕಣ್ಣು ಅವಳ ರೆಪ್ಪೆಯ ಮೇಲೆ ಕೂತಿದ್ದ ಮರದ ಹೊಟ್ಟಿನ ಮೇಲಿತ್ತು.

“ಕಣ್ಣಿಗೆ ಬೀಳುತ್ತೆ,” ಎಂದ.

“ಏನು?”

“ಹೊಟ್ಟು.”

“ಬಿದ್ರೆ ನಾನು ತೆಕ್ಕೋತೀನಿ,” ಎಂದು ಅವಳು ಥಟ್ಟನೆ ಕೈ ಹಿಂತೆಗೆದುಕೊಂಡು, ಬೇಕಿಲ್ಲದ ಜಾಗದಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿದಳು.

ಅಂದು ಅವಳಿಗೆ ಗೊತ್ತಾಯಿತು. ಈ ಸಿಡುಕ, ಈ ತಪ್ಪು ಹುಡುಕುವ ಮನುಷ್ಯ ತನಗೆ ಬೇಕು. ಬೆಳಿಗ್ಗೆ ಎದ್ದಾಗಿಂದ ಐದು ಗಂಟೆಗೆ ಕಾಯುತ್ತೇನೆ. ಐದೂ ಐದಾದರೆ ಬೀದಿ ನೋಡುತ್ತೇನೆ. ಬಂದ ಕೂಡಲೇ ಜಗಳ ತೆಗೆಯುತ್ತೇನೆ. ಗೊತ್ತಾಗಿದ್ದರಿಂದ ಖುಷಿಯೇನೂ ಆಗಲಿಲ್ಲ, ಭಯವಾಯಿತು. ಅವನು ಬರುವುದು ಗಿಟಾರಿಗಾಗಿ. ಗಿಟಾರ್ ಮುಗಿದ ದಿನ ಹೊತ್ತುಕೊಂಡು ಹೋಗುತ್ತಾನೆ. ಅಲ್ಲಿಗೆ ಐದು ಗಂಟೆಯೂ ಮುಗಿಯುತ್ತದೆ.

ಗಿಟಾರ್ ಹೇಳಿದ ದಿನಕ್ಕೇ ಮುಗಿಯಿತು. ಮಧ್ಯಾಹ್ನ ತಂತಿ ಏರಿಸಿ, ತಂತಿಗಳು ಕೂರುವ ಕುದುರೆಯನ್ನು ಕೊನೆಯ ಸಲ ಉಜ್ಜಿ, ಒಂದು ಮೀಟು ಮೀಟಿದಳು. ತುಂಬಿದ ಎರಡು ಭುಜಗಳ ಆ ಒಡಲಿನಿಂದ ಎದ್ದ ದನಿ ಮೇಜಿನ ಮೇಲಿನ ಮೊಳೆಗಳನ್ನೂ ಅಲುಗಿಸಿತು. ಅಪ್ಪ ಮೂಲೆಯಿಂದ “ಓಹೋ” ಎಂದ. ಅಪ್ಪ ‘ಓಹೋ’ ಅನ್ನುವುದು ವರ್ಷಕ್ಕೊಂದು ಸಲ.

ಅವಳು ಅದನ್ನು ಹಳೆಯ ಹೊದಿಕೆಯಲ್ಲಿ ಸುತ್ತಿ, ಹಲಗೆಗಳ ಅಟ್ಟಣಿಗೆಯ ಮೇಲಿನ ಸಾಲಿನಲ್ಲಿ, ಗೋಡೆಗೆ ಒತ್ತರಿಸಿ ಇಟ್ಟಳು.

“ಮುಗೀತಾ?” ಎಂದ ಅವನು ಐದಕ್ಕೆ.

“ಪಾಲಿಶ್ ಒಣಗಿಲ್ಲ.”

ಮರುದಿನವೂ ಪಾಲಿಶ್ ಒಣಗಲಿಲ್ಲ. ಅದರ ಮರುದಿನ ಹವೆ ಸರಿಯಿರಲಿಲ್ಲ. ನಾಲ್ಕನೆಯ ದಿನ ಕುದುರೆಗೆ ಒಂದು ಸಣ್ಣ ತೊಂದರೆ. ಅವನು ದಿನವೂ ಕೇಳುತ್ತಿದ್ದ, ಅವಳು ದಿನವೂ ಹೊಸದೊಂದು ಹೇಳುತ್ತಿದ್ದಳು. ಅವನ ಕಣ್ಣಿನ ಕೆಳಗೆ ಕಪ್ಪು ಕೂತಿತು. ಹೊಸ ಕತ್ತಿಗೆ ಕೈ ಒಗ್ಗಿಸಲು ಎರಡೂವರೆ ವಾರ ಬೇಕು ಎಂದು ಲೆಕ್ಕ ಹಾಕಿದವಳು ಅವಳೇ. ಆ ದಿನಗಳನ್ನು ಒಂದೊಂದಾಗಿ ತಿನ್ನುತ್ತಿರುವವಳೂ ಅವಳೇ. ನಾಳೆ ಕೊಡುತ್ತೇನೆ, ಖಂಡಿತ ನಾಳೆ ಎಂದು ಪ್ರತಿದಿನ ಅಂದುಕೊಳ್ಳುತ್ತಿದ್ದಳು. ಐದು ಗಂಟೆಗೆ ಬಾಗಿಲಲ್ಲಿ ಅವನ ತಲೆ ಕಂಡ ಕೂಡಲೇ ಆ ನಾಳೆ ಮುಂದಕ್ಕೆ ಹೋಗುತ್ತಿತ್ತು.

ಎಂಟನೆಯ ದಿನ ಅಪ್ಪನಿಗೆ ತಡೆಯಲಾಗಲಿಲ್ಲ.

“ಇನ್ನೂ ಎಷ್ಟು ದಿನ ಅಂತ ಅದಕ್ಕೆ ಹೊದಿಕೆ ಹೊದಿಸಿ ಮಲಗಿಸ್ತೀಯ? ಜ್ವರ ಬಂದಿದ್ಯಾ ಅದಕ್ಕೆ?” ಎಂದುಬಿಟ್ಟ, ಸಿಡುಕ ಒಳಗೆ ಕಾಲಿಟ್ಟದ್ದನ್ನು ನೋಡದೆ.

ಅವನು ಅಪ್ಪನ ಬೆರಳು ತೋರಿದ ಕಡೆ ನೋಡಿದ. ಏಣಿ ಹತ್ತಿದ. ಹೊದಿಕೆ ಬಿಚ್ಚಿ, ಅಲ್ಲೇ ನಿಂತು ಒಂದು ಸಲ ಮೀಟಿದ. ಮೊಳೆಗಳು ಅಲುಗಿದವು. ಮತ್ತೆ ಕೆಳಗಿಳಿದು ಬಂದವನ ಮುಖದಲ್ಲಿ ಬಣ್ಣ ಇರಲಿಲ್ಲ.

“ಯಾವಾಗ ಮುಗೀತು?”

“ಎಂಟು ದಿನ ಆಯ್ತು.”

“ಎಂಟು ದಿನ.” ಅವನು ಕೂಗಲಿಲ್ಲ. ಕೂಗಿದ್ದರೆ ಅವಳು ತಿರುಗಿ ಕೂಗುತ್ತಿದ್ದಳು. “ಈ ಕೈಗೆ ಎಂಟು ದಿನ ಅಂದ್ರೆ ಏನು ಗೊತ್ತಾ ನಿಮಗೆ? ಬೇರೆಯೋರಿಗೆ ಗೊತ್ತಿಲ್ಲದೆ ಇರ್ಬಹುದು. ನೀವು ಇದನ್ನ ಹಿಡಿದು ನೋಡಿದ್ದೀರಿ.”

“ಗೊತ್ತು.”

“ಗೊತ್ತಿದ್ದೂ ಬೇಕಂತ ಮಾಡಿದ್ರಾ?”

“ಹೌದು, ಬೇಕಂತಲೇ.” ಅವಳ ದನಿ ಜಗಳದ ದನಿಯೇ, ಬೇರೆ ದನಿ ಅವಳಿಗೆ ಬರುತ್ತಿರಲಿಲ್ಲ. “ಕೊಟ್ರೆ ನೀವು ಬರೋದು ನಿಂತುಹೋಗುತ್ತೆ ಅಂತ. ಸಾಕಾ?”

ಅಪ್ಪ ಸದ್ದಿಲ್ಲದೆ ಎದ್ದು ಹಿಂದಿನ ಕೋಣೆಗೆ ಹೋದ.

ಅವನು ಗೋಡೆಯ ಪಕ್ಕದ ಖಾಲಿ ಪೆಟ್ಟಿಗೆಯನ್ನು ಎಳೆದು ಮುಚ್ಚಳ ತೆರೆದ.

“ಅದಕ್ಕೆ ನಾನು ದಂಡ ಕಟ್ಬೇಕಾ?” ಎಂದ. ಗಿಟಾರನ್ನು ಪೆಟ್ಟಿಗೆಯಲ್ಲಿಟ್ಟು, ಚಿಲಕ ಹಾಕಿ, ಬೀದಿಗಿಳಿದು ಹೋದ. ಹಿಂದಿರುಗಿ ನೋಡಲಿಲ್ಲ.

“ನನ್ನ ಬಾಯಿಗೆ ಬೆಂಕಿ ಹಾಕ,” ಎಂದ ಅಪ್ಪ, ಬಾಗಿಲ ಹಿಂದಿನಿಂದ.

“ನಿನ್ನ ಬಾಯಿ ಏನು ಮಾಡ್ತು? ಮಾಡಿದ್ದೆಲ್ಲ ನಾನು,” ಎಂದು ಅವಳು ಪೊರಕೆ ಹಿಡಿದು, ಆಗಲೇ ಗುಡಿಸಿದ್ದ ನೆಲವನ್ನು ಮತ್ತೆ ಗುಡಿಸಿದಳು. ಕಣ್ಣೀರು ಬಂತು. ಹೊಟ್ಟು ಬಿತ್ತು ಅಂತ ಹೇಳಲಿಕ್ಕೂ ಅಲ್ಲಿ ಅವನು ಇರಲಿಲ್ಲ.

ಒಂಬತ್ತು ದಿನ ಅವನು ಬರಲಿಲ್ಲ. ಅವಳು ಐದು ಗಂಟೆಗೆ ಸರಿಯಾಗಿ ಮರ ಉಜ್ಜುವ ಸ್ಯಾಂಡರ್ ಮೆಷಿನ್ ಹಚ್ಚಿ ಕೂತಳು. ಗದ್ದಲದಲ್ಲಿ ಯಾರ ಹೆಜ್ಜೆಯೂ ಕೇಳಿಸದಿರಲಿ ಅಂತ. ಆದರೂ ಬೀದಿಯ ಕಡೆ ನೋಡುವುದು ತಪ್ಪಲಿಲ್ಲ.

ಹತ್ತನೆಯ ದಿನ ಭಾನುವಾರ. ಹೋಗಬಾರದು ಎಂದು ಬೆಳಿಗ್ಗೆಯೇ ತೀರ್ಮಾನಿಸಿದ್ದವಳು ಸಂಜೆ ನಾಲ್ಕಕ್ಕೆ ಗ್ರಂಥಾಲಯದ ಓದುವ ಕೋಣೆಯ ಕೊನೆಯ ಸಾಲಿನಲ್ಲಿ, ಕಂಬದ ಮರೆಯಲ್ಲಿ ಕೂತಿದ್ದಳು. ಎತ್ತರದ ಚಾವಣಿ, ಅರವತ್ತು ಕುರ್ಚಿ. ಮೈಕ್ ಇಲ್ಲ. ಮುಂದಿನ ಸಾಲಿನಲ್ಲಿ ಕೂತ ಶಾಲೆಯ ಮಕ್ಕಳು ಒಬ್ಬರನ್ನೊಬ್ಬರು ತಿವಿಯುತ್ತಿದ್ದರು.

ಅವನು ಬಂದು ಕೂತ. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ, ಬಾಚಿದರೂ ಸುಳಿ ನಿಂತೇ ಇತ್ತು. ಎಡಗೈಯನ್ನು ಒಮ್ಮೆ ತೊಡೆಗೆ ಒರೆಸಿಕೊಂಡು, ಕತ್ತು ಹಿಡಿದು, ಶುರು ಮಾಡಿದ.

ಕೆಳಗಿನ ಏಳೇ ಏಳು ಮೆಟ್ಟಿಲು. ಶಿಳ್ಳೆ ಹೊಡೆಸಿಕೊಳ್ಳುವ ಅವಸರ ಅದರಲ್ಲಿ ಎಲ್ಲೂ ಇರಲಿಲ್ಲ. ದಪ್ಪ ತಂತಿಗಳ ದನಿ ನಿಧಾನವಾಗಿ ಕೋಣೆ ತುಂಬಿತು, ಕೊನೆಯ ಸಾಲಿಗೂ ಬಂತು, ಕಂಬದ ಹಿಂದೆಯೂ ಬಂತು. ಮಕ್ಕಳು ತಿವಿಯುವುದನ್ನು ಬಿಟ್ಟರು. ಅವಳು ಅವನ ಹುಬ್ಬನ್ನೇ ನೋಡುತ್ತಿದ್ದಳು. ಹುಬ್ಬು ಮೇಲೆ ಹೋಗಲಿಲ್ಲ.

ನಡುವೆ ಒಂದು ಕಷ್ಟದ ತಿರುವಿನಲ್ಲಿ ಬೆರಳು ತಪ್ಪಿತು. ಸ್ವರ ಕುಂಟಿ ನಿಂತಿತು. ಅವನು ತಲೆ ತಗ್ಗಿಸಿ, ಕೈ ಬಿಡಿಸಿ, ಒಂದು ಉಸಿರು ತೆಗೆದುಕೊಂಡು, ಅಲ್ಲಿಂದಲೇ ಮತ್ತೆ ಹಿಡಿದ. ಎರಡನೆಯ ಸಲ ದಾಟಿದ. ಕೇಳುತ್ತಿದ್ದವರಲ್ಲಿ ಅರ್ಧ ಜನಕ್ಕೆ ಅದು ತಿಳಿದಿರಲಿಕ್ಕಿಲ್ಲ. ಅವಳಿಗೆ ತಿಳಿಯಿತು. ಆ ತಪ್ಪು ಅವನದಲ್ಲ. ಅದು ಅಟ್ಟಣಿಗೆಯ ಮೇಲೆ ಹೊದಿಕೆ ಹೊದ್ದು ಮಲಗಿದ್ದ ಎಂಟು ದಿನದ್ದು.

ಚಪ್ಪಾಳೆ ಮುಗಿಯುವ ಮೊದಲೇ ಅವಳು ಎದ್ದು ಹೊರಗೆ ಬಂದಳು. ಎದುರಿಗೆ ಹೋಗಿ ನಿಂತು ಏನು ಹೇಳುವುದು? ಚೆನ್ನಾಗಿತ್ತು ಅನ್ನುವ ಹಕ್ಕೂ ತನಗಿಲ್ಲ ಎಂದುಕೊಂಡು ಮನೆಯವರೆಗೂ ನಡೆದೇ ಹೋದಳು.

ಮರುದಿನ ಐದಕ್ಕೆ ಬಾಗಿಲಲ್ಲಿ ನೆರಳು ಬಿತ್ತು. ತೋಳಿನ ಮೇಲೆ ಸೀಮೆಸುಣ್ಣ, ಕೈಯಲ್ಲಿ ಪೆಟ್ಟಿಗೆ.

“ಕಂಪ್ಲೇಂಟ್ ಇದೆ,” ಎಂದ.

ನಾಲ್ಕು ವರ್ಷದಲ್ಲಿ ಮೊದಲ ಸಲ ಒಂದು ಗಿಟಾರ್ ವಾಪಸ್ ಬಂದಿದೆ. ಬರಲಿ, ಬರಬೇಕಾದ್ದೇ. “ಏನಾಗಿದೆ?”

“ಎರಡನೇ ತಂತಿ ಗುಂಯ್ ಅಂತಿದೆ.”

ಅವಳು ಗಿಟಾರ್ ತೆಗೆದುಕೊಂಡಳು. ತಂತಿ ಸಡಿಲಿಸಿ ನೋಡಿದಳು, ಬಿಗಿದು ನೋಡಿದಳು. ಒಂದೊಂದು ಮೆಟ್ಟಿಲಿನ ಮೇಲೂ ಅಳತೆಪಟ್ಟಿ ಇಟ್ಟಳು. ಒಳಗೆ ಸಣ್ಣ ಕನ್ನಡಿ ಇಳಿಸಿ, ಟಾರ್ಚ್ ಹಿಡಿದು, ಪಟ್ಟಿಪಟ್ಟಿಯನ್ನೂ ಪರೀಕ್ಷಿಸಿದಳು. ಕಿವಿಯನ್ನು ಬೀಟೆಮರಕ್ಕೆ ಒತ್ತಿ ಮೀಟಿದಳು. ಅರ್ಧ ಗಂಟೆ ಹಿಡಿಯಿತು. ಅವನು ನಿಂತೇ ಇದ್ದ, ಒಂದು ತಪ್ಪನ್ನೂ ಹುಡುಕಲಿಲ್ಲ. ಅಪ್ಪನಿಗೆ ಇದ್ದಕ್ಕಿದ್ದಂತೆ ಅಂಗಡಿಯಿಂದ ಅಂಟು ತರಬೇಕೆಂದು ನೆನಪಾಯಿತು. ಕಪಾಟಿನಲ್ಲಿ ಆರು ಡಬ್ಬಿ ಇದ್ದರೂ ಚಪ್ಪಲಿ ಮೆಟ್ಟಿಕೊಂಡು ಹೊರಟ.

“ಏನೂ ಇಲ್ಲ,” ಎಂದಳು ಅವಳು. “ಎಲ್ಲೂ ಗುಂಯ್ ಅಂತಿಲ್ಲ.”

“ಇಲ್ಲ ಅಂತ ನನಗೂ ಗೊತ್ತು.”

“ಮತ್ತೆ?”

“ಮತ್ತೇನು? ಗಿಟಾರ್ ಮುಗಿದ ಮೇಲೆ ಇಲ್ಲಿ ಕೆಲಸ ಇಲ್ಲ ಅಂತ ನೀವೇ ತೀರ್ಮಾನ ಮಾಡ್ಬಿಟ್ರಿ. ಬರೋಕೆ ಒಂದು ನೆಪ ಬೇಡ್ವಾ ನನಗೆ?” ಅವನ ದನಿ ಏರಿತು. “ಎಂಟು ದಿನ! ಬಾಯಿ ಬಿಟ್ಟು ಒಂದು ಮಾತು ಕೇಳಿದ್ರೆ ಆಗಿರೋದು. ಮೊದಲ ವಾರದಿಂದ ನಾನು ಇಲ್ಲಿ ಕೂತು ಸೊಟ್ಟ ಇಲ್ಲದ ಗೆರೆನ ಸೊಟ್ಟ ಅಂದಿದ್ದು ಯಾಕೆ ಅಂದ್ಕೊಂಡ್ರಿ? ಮರದ ಮೇಲಿನ ಪ್ರೀತಿಗಾ?”

ಅವಳ ಕೈಯಲ್ಲಿ ಕನ್ನಡಿ ಹಾಗೇ ಇತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡಳು.

“ನಿನ್ನೆ ಬಂದಿದ್ದೆ,” ಎಂದಳು.

“ನೋಡಿದೆ. ಕಂಬ ನಿಮಗಿಂತ ಸಣ್ಣ.”

“ಆ ತಪ್ಪಿದ ಜಾಗ... ಅದು ನನ್ನಿಂದ. ಪೂರ್ತಿ ನನ್ನಿಂದ.” ಈ ಮಾತು ಅವಳ ಬಾಯಲ್ಲಿ ಅಪರೂಪ, ಹೇಳುವಾಗ ಹಲ್ಲು ಕೀಳಿಸಿಕೊಂಡಷ್ಟು ನೋವಾಯಿತು. “ನೀವಂದ್ರೆ ನನಗಿಷ್ಟ. ಅದನ್ನ ಹೇಳೋಕೆ ಬರಲಿಲ್ಲ. ಬಚ್ಚಿಡೋಕೆ ಬಂತು. ನನ್ನ ಕ್ಷಮಿಸಿದ್ರಾ?”

“ಇಲ್ಲ.”

ಅವಳು ತಲೆ ಎತ್ತಿದಳು.

“ಕೋಪ ಇನ್ನೂ ಹಾಗೇ ಇದೆ,” ಎಂದ ಅವನು. “ಮನೇಲಿ ಬಿಟ್ಟು ಬರೋಣ ಅಂತ ನೋಡ್ದೆ, ಆಗಲಿಲ್ಲ. ಅದು ಹೋಗೋವರೆಗೂ ಕಾಯೋಣ ಅಂದ್ರೆ ಅದೂ ಆಗಲಿಲ್ಲ. ಕೋಪ ಇಟ್ಕೊಂಡೇ ಬಂದೆ. ನಿಮ್ಮನ್ನ ನೋಡದೆ ಇರೋಕೆ ಆಗ್ತಿಲ್ಲ, ಏನು ಮಾಡ್ಲಿ?”

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದು, ಎರಡರಲ್ಲಿ ಯಾವುದಕ್ಕೂ ದಾರಿ ಸಿಗಲಿಲ್ಲ. ಸ್ಟೂಲನ್ನು ಎಳೆದು ತನ್ನ ಸ್ಟೂಲಿನ ಪಕ್ಕಕ್ಕೆ ಹಾಕಿ, ಅದರ ಮೇಲಿನ ಹೊಟ್ಟನ್ನು ಅಂಗೈಯಿಂದ ಒರೆಸಿದಳು.

“ಹಾಗಾದ್ರೆ ಕೂತ್ಕೊಂಡು ಕೋಪ ಮಾಡ್ಕೋ,” ಎಂದಳು. “ನಿಂತ್ಕೊಂಡು ಎಷ್ಟು ಹೊತ್ತು ಮಾಡ್ಕೋತೀಯ?”

‘ನೀವು’ ಹೋಗಿ ‘ನೀನು’ ಬಂದದ್ದು ಇಬ್ಬರಿಗೂ ಕೇಳಿಸಿತು. ಅವಳು ಕೆಂಪಾದಳು, ಆದರೆ ಮಾತನ್ನು ವಾಪಸ್ ತೆಗೆದುಕೊಳ್ಳಲಿಲ್ಲ.

“ಎಷ್ಟು ದಿನ ಬೇಕಾದ್ರೂ ಮಾಡ್ಕೋತೀನಿ, ನಿನಗೇನು ಕಷ್ಟ?” ಎಂದು ಅವನು ಅವಳ ಪಕ್ಕದಲ್ಲಿ ಕೂತುಕೊಂಡ.